ಕೈಗಡಿಯಾರದ ಕುಲಗೋತ್ರ

ನನ್ನ ಸೋದರಳಿಯನಿಗೆ ಮದುವೆ ಗೊತ್ತಾಗಿದೆ. ಹುಡುಗಿಯನ್ನು ಅವನೇ ಮೆಚ್ಚಿಕೊಂಡದ್ದು. ಜಾತಕವನ್ನಾದರೂ ಒಮ್ಮೆ ತೋರಿಸೋಣವೆಂದು ನನ್ನ ಅಕ್ಕ ಮೆಲ್ಲನೆ ಒಂದು ಮಾತು ಆಡಿದ್ದಕ್ಕೆ, "ಈ ಕಾಲದಲ್ಲಿ ಕುಲ, ಗೋತ್ರ ಎಲ್ಲ ಯಾರಮ್ಮ ಕೇಳ್ತಾರೆ?" ಎಂದು ನಕ್ಕುಬಿಟ್ಟ. ಆ ಮಾತು ನನಗೆ ಬಹಳ ಹಿಡಿಸಿತು. ಅದೇ ಮಹಾಶಯ ಮರುದಿನ ಸಂಜೆ ಮಣಿಪಾಲದ ಎಂಡ್ ಪಾಯಿಂಟಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ಕೆಳಗೆ ಹರಿಯುವ ಸ್ವರ್ಣೆಯನ್ನು ನೋಡುವುದು ಬಿಟ್ಟು, ಎರಡು ಕೈಗಡಿಯಾರಗಳ ಚಿತ್ರಗಳನ್ನು ನನ್ನ ಮುಂದೆ ಹಿಡಿದ. ಎರಡೂ ಸ್ವಿಟ್ಜರ್ಲೆಂಡಿನವು, ಎರಡೂ ಕೀಲಿಯಿಂದ ನಡೆಯುವಂಥವು, ಎರಡರ ಬೆಲೆಯೂ ಮೂರು ಲಕ್ಷಕ್ಕೆ ಮಿಕ್ಕಿದ್ದು. ಮದುವೆಯ ದಿನ ಕಟ್ಟಿಕೊಳ್ಳುವುದಕ್ಕಂತೆ. ಮೊದಲನೆಯದು ಅವನ ಕಣ್ಣಿಗೆ ಚಂದ ಕಾಣುತ್ತದೆ. ಆದರೆ ಕೊಳ್ಳುವುದು ಎರಡನೆಯದನ್ನು. ಏಕೆಂದು ಕೇಳಿದೆ.

"ಅದರೊಳಗೆ ಇರೋದು ಹೊರಗಿನಿಂದ ತಂದ ಮೂವ್‌ಮೆಂಟ್, ಮಾವ. ಇದು ಇನ್-ಹೌಸ್. ಇನ್-ಹೌಸ್ ಅಲ್ಲದಿದ್ದರೆ ಅಷ್ಟು ದುಡ್ಡು ಕೊಡೋದು ದಂಡ."

ಹೆಣ್ಣಿನ ಗೋತ್ರ ಕೇಳಲೊಲ್ಲದ ಹುಡುಗ ಗಡಿಯಾರದ ಗೋತ್ರ ಕೇಳುತ್ತಿದ್ದಾನೆ! ಅಂದು ನಾನು ಸುಮ್ಮನಿದ್ದೆ. ಆದರೆ ಆ ಮೇಲೆ ವಿಚಾರಿಸಿದಾಗ ಇದು ನಮ್ಮ ಹುಡುಗನೊಬ್ಬನ ಹುಚ್ಚಲ್ಲವೆಂದೂ, ಕೈಯಲ್ಲಿ ನಾಲ್ಕು ಕಾಸು ಸೇರಿದ ತರುಣರಲ್ಲಿ ಇದೊಂದು ಮತಾಚಾರವೇ ಆಗಿದೆಯೆಂದೂ ತಿಳಿಯಿತು. ನನಗೆ ಗಡಿಯಾರದ ವ್ಯಾಪಾರವಿಲ್ಲ. ನಾನು ಕನ್ನಡ ಪಾಠ ಹೇಳುವವನು. ಆದರೂ ಈ ಮತದ ವಿಷಯದಲ್ಲಿ ನನಗೊಂದು ಜಗಳವಿದೆ. ಅದನ್ನು ಬಹಿರಂಗವಾಗಿಯೇ ಆಡಿಬಿಡುತ್ತೇನೆ.

ಮೊದಲು ಪದದ ಮಾತು. ಡಬ್ಬಿಯೊಳಗೆ ಚಕ್ರಗಳು, ಸುರುಳಿ, ಹಿಂದೆ ಮುಂದೆ ತೂಗುವ ಬ್ಯಾಲೆನ್ಸು ಎಲ್ಲ ಸೇರಿ ಯಾವುದು ಮುಳ್ಳುಗಳನ್ನು ನಡೆಸುತ್ತದೆಯೋ ಅದನ್ನು ಬಲ್ಲವರು ಮೂವ್‌ಮೆಂಟ್ ಎನ್ನುತ್ತಾರೆ. ನಮ್ಮ ರಥಬೀದಿಯ ಆಸುಪಾಸಿನ ರಿಪೇರಿಯವರು 'ಮಿಷಿನು' ಎನ್ನುತ್ತಾರೆ. ನನಗೆ ಅದೇ ಸಾಕು. ಗಡಿಯಾರದ ಮುಖದ ಮೇಲೆ ಯಾರ ಹೆಸರಿದೆಯೋ ಅವರೇ ತಮ್ಮ ಕಾರ್ಖಾನೆಯಲ್ಲಿ ಮಿಷಿನನ್ನೂ ಮಾಡಿದ್ದರೆ ಅದು ಇನ್-ಹೌಸ್. ಹೀಗೆಂದು ಹೇಳುವುದು ಸುಲಭ. ಆದರೆ ಈ ಮಾತಿಗೆ ಕಾಯಿದೆಯ ಅರ್ಥವೇ ಇಲ್ಲ. 'ಸ್ವಿಸ್ ನಿರ್ಮಿತ' ಎಂದು ಬರೆಯಬೇಕಾದರೆ ತಯಾರಿಕೆಯ ವೆಚ್ಚದಲ್ಲಿ ನೂರಕ್ಕೆ ೬೦ ಪಾಲಾದರೂ ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕೆಂದು ೨೦೧೭ರಿಂದ ಅಲ್ಲಿ ಕಟ್ಟಳೆಯುಂಟು. 'ಇನ್-ಹೌಸ್' ಎಂದು ಬರೆಯುವುದಕ್ಕೆ ಅಂಥ ಯಾವ ಕಟ್ಟಳೆಯೂ ಇಲ್ಲ. ಬೇಸಿಗೆಯಲ್ಲಿ ಅಂಗಡಿಗಳ ಎದುರು 'ಮನೆಯಲ್ಲೇ ತಯಾರಿಸಿದ ಹಪ್ಪಳ' ಎಂಬ ಬೋರ್ಡು ತೂಗುತ್ತದಲ್ಲ, ಯಾರ ಮನೆ ಎಂದು ನಾವು ಕೇಳುತ್ತೇವೆಯೆ? ಅಷ್ಟೇ ಬೆಲೆ ಈ ಮಾತಿಗೂ.

ಅಣ್ಣತಮ್ಮಂದಿರು ಪಾಲಾಗದ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಒಮೆಗಾ, ಲಾಂಜಿನ್, ಟಿಸೋ, ಇವರಿಗೆಲ್ಲ ಯಂತ್ರ ಮಾಡಿಕೊಡುವ ಇಟಿಎ ಕಾರ್ಖಾನೆ, ಎಲ್ಲವೂ ಸ್ವಾಚ್ ಗ್ರೂಪ್ ಎಂಬ ಒಂದೇ ಯಜಮಾನಿಕೆಗೆ ಸೇರಿದವು. ಅಣ್ಣನ ಗದ್ದೆಯ ಅಕ್ಕಿ ತಮ್ಮನ ಮನೆಯಲ್ಲಿ ಬೆಂದರೆ ಅದು ಮನೆಯ ಅಕ್ಕಿಯೋ, ಅಂಗಡಿಯ ಅಕ್ಕಿಯೋ? ಈ ಪ್ರಶ್ನೆಗೆ ಮತಾಚಾರ್ಯರಲ್ಲೇ ಒಮ್ಮತವಿಲ್ಲ. ಒಮ್ಮತವಿಲ್ಲದ ಲಕ್ಷಣವೊಂದನ್ನು ಹಿಡಿದುಕೊಂಡು ಲಕ್ಷಗಟ್ಟಲೆ ಹಣ ಎಣಿಸುವುದು ಮಾತ್ರ ನಿಂತಿಲ್ಲ.

ಸ್ವಿಸ್ ಗಡಿಯಾರದ ಉದ್ಯಮ ಬೆಳೆದದ್ದಾದರೂ ಹೇಗೆ? ಒಂದೇ ಮನೆಯಲ್ಲಿ ಖಂಡಿತ ಅಲ್ಲ. ಜೂರಾ ಬೆಟ್ಟಗಳಲ್ಲಿ ಹಿಮ ಬಿದ್ದು ಬೇಸಾಯ ನಿಂತ ತಿಂಗಳುಗಳಲ್ಲಿ ರೈತರು ಕಿಟಕಿಯ ಬಳಿ ಕುಳಿತು ಒಬ್ಬ ಚಕ್ರ, ಒಬ್ಬ ಸುರುಳಿ, ಒಬ್ಬ ಮೊಳೆ ಎಂದು ಮಾಡುತ್ತಿದ್ದರು. ವರ್ತಕನು ಅವನ್ನೆಲ್ಲ ಕೂಡಿಸಿ, ಜೋಡಿಸಿ, ತನ್ನ ಹೆಸರು ಬರೆದು ಮಾರುತ್ತಿದ್ದನು. ಕಾರ್ಲ್ ಮಾರ್ಕ್ಸನು ೧೮೬೭ರ ತನ್ನ 'ಬಂಡವಾಳ' ಗ್ರಂಥದಲ್ಲಿ ಗಡಿಯಾರದ ಬಿಡಿಭಾಗ ಮಾಡುವವರ ಒಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟಿದ್ದಾನೆ. ದುಡಿಮೆ ಹಂಚಿಹೋಗುವುದೆಂದರೇನೆಂದು ತೋರಿಸಲು ಅವನಿಗೆ ಅದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಿಲ್ಲ. (ಮಾರ್ಕ್ಸನ ಹೆಸರೆತ್ತಿದ್ದಕ್ಕೆ ನಮ್ಮ ಅಳಿಯ ನನ್ನನ್ನು ಕ್ಷಮಿಸಲಿಕ್ಕಿಲ್ಲ.)

ಹಳೆಯ ಕಥೆ ಬೇಡ. ಇಂದು ತರುಣರು ಕನಸು ಕಾಣುವ ಗಡಿಯಾರಗಳನ್ನೇ ನೋಡೋಣ. ಆಡೆಮಾರ್ ಪಿಗೆ ಎಂಬ ಮನೆತನದವರ 'ರಾಯಲ್ ಓಕ್' ೧೯೭೨ರಲ್ಲಿ ಬಂತು. ಪಾಟೆಕ್ ಫಿಲಿಪ್ ಅವರ 'ನಾಟಿಲಸ್' ೧೯೭೬ರಲ್ಲಿ. ವಾಶೆರಾನ್ ಕಾನ್‌ಸ್ಟಾಂಟಿನ್ ಅವರ '೨೨೨' ಅದರ ಮರುವರ್ಷ. ಗಡಿಯಾರದ ಲೋಕದಲ್ಲಿ ಇವರು ಮೂವರೂ ತ್ರಿಮೂರ್ತಿಗಳೆನಿಸಿದವರು. ಈ ಮೂರರ ಹೊಟ್ಟೆಯೊಳಗೂ ಇದ್ದದ್ದು ಮೂಲತಃ ಒಂದೇ ಯಂತ್ರ, ಜೇಜರ್-ಲಕುಲ್ತ್ರ್ ಎಂಬ ನಾಲ್ಕನೆಯ ಮನೆಯವರು ಮಾಡಿದ ೯೨೦ ಎಂಬ ಅಂಕೆಯದು. ಇನ್ನೂ ಸ್ವಾರಸ್ಯವೇನೆಂದರೆ, ಹೆತ್ತ ಮನೆಯವರು ಅದನ್ನು ತಮ್ಮ ಹೆಸರಿನ ಗಡಿಯಾರದಲ್ಲಿ ಎಂದೂ ಹಾಕಲಿಲ್ಲ. ಹೆತ್ತವರು ಸಾಕಲಿಲ್ಲ, ಸಾಕಿದವರು ಹೆರಲಿಲ್ಲ. ಕರ್ಣನ ಕಥೆ ಓದಿದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹುಟ್ಟು ಕೇಳಿ ಕರ್ಣನನ್ನು ರಂಗಭೂಮಿಯಲ್ಲಿ ತಡೆದವರ ಪಕ್ಷದಲ್ಲಿ ಇಂದು ನಿಲ್ಲಲು ನನಗಂತೂ ಮನಸ್ಸಿಲ್ಲ.

ರೋಲೆಕ್ಸಿನವರ 'ಡೇಟೋನಾ' ಮಾದರಿಯಲ್ಲಿ ಮೊದಲು ಇದ್ದದ್ದು ವಾಲ್ಜೂ ಕಾರ್ಖಾನೆಯ ಯಂತ್ರ. ೧೯೮೮ರಿಂದ ೨೦೦೦ದ ತನಕ ಜೆನಿತ್ ಎಂಬ ಬೇರೆ ಮನೆಯದು. ಆ ಮೇಲಷ್ಟೇ ಸ್ವಂತದ್ದು. ಹಾಲಿವುಡ್ಡಿನ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಡೇಟೋನಾ ೨೦೧೭ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರುಗಳಿಗೂ ಮೀರಿ ಮಾರಾಟವಾಯಿತು. ಅದರೊಳಗಿನದು ವಾಲ್ಜೂ ಯಂತ್ರ, ಎಂದರೆ ನಮ್ಮ ಹುಡುಗನ ಭಾಷೆಯಲ್ಲಿ 'ಹೊರಗಿನದು', 'ದಂಡ'. ಚಂದ್ರನ ಮೇಲೆ ೧೯೬೯ರಲ್ಲಿ ನಡೆದಾಡಿದ ಒಮೆಗಾದ ಯಂತ್ರವನ್ನು ರೂಪಿಸಿದ್ದು ಲೆಮಾನಿಯಾ ಕಾರ್ಖಾನೆ. ಅದೇ ಒಮೆಗಾ ೧೯೯೯ರಲ್ಲಿ ಕೋ-ಆಕ್ಸಿಯಲ್ ಎಂಬ ಹೊಸ ಬಗೆಯ ಕೊಂಡಿಯನ್ನು ತನ್ನ ಗಡಿಯಾರಗಳಲ್ಲಿ ತಂದಿತು; ತಿಕ್ಕಾಟವನ್ನು ತಗ್ಗಿಸುವ ಆ ಉಪಾಯ ಹೊಳೆದದ್ದು ಯಾವ ಕಂಪೆನಿಗೂ ಅಲ್ಲ, ಜಾರ್ಜ್ ಡೇನಿಯಲ್ಸ್ ಎಂಬ ಒಬ್ಬಂಟಿ ಇಂಗ್ಲಿಷ್ ಕುಶಲಕರ್ಮಿಗೆ. ಅವನು ಅದನ್ನು ಹೊತ್ತುಕೊಂಡು ಮನೆಯಿಂದ ಮನೆಗೆ ಅಲೆದ. ಮನೆಯೊಳಗಿನವರಿಗೇ ಎಲ್ಲ ತಿಳಿದಿರುತ್ತದೆಂಬ ಗರ್ವವು ಎಷ್ಟು ಬಾಗಿಲುಗಳನ್ನು ಅವನ ಮುಖಕ್ಕೆ ಮುಚ್ಚಿರಬಹುದು!

ಹಾಗಾದರೆ ಈ ಕುಲಾಭಿಮಾನ ಎಲ್ಲಿಂದ ಬಂತು? ಕಸುಬಿನ ಪ್ರೇಮದಿಂದ ಬಂತೆಂದು ಜಾಹೀರಾತು ಹೇಳುತ್ತದೆ. ನಿಜ ಬೇರೆ. ಬಹುಪಾಲು ಸ್ವಿಸ್ ಮನೆಗಳು ಇಟಿಎ ಕಾರ್ಖಾನೆಯಿಂದ ಯಂತ್ರ ತರಿಸಿಕೊಂಡು ನೆಮ್ಮದಿಯಾಗಿದ್ದವು. ಅದರ ಯಜಮಾನರು ೨೦೦೨ರಲ್ಲಿ, ಅರೆತಯಾರಿಯ ಯಂತ್ರಗಳನ್ನು ಇನ್ನು ಮುಂದೆ ಹೊರಗಿನವರಿಗೆ ಕೊಡುವುದನ್ನು ನಿಲ್ಲಿಸುತ್ತೇವೆಂದು ಸಾರಿದರು. ಅಲ್ಲಿನ ಸ್ಪರ್ಧಾ ಆಯೋಗ ನಡುವೆ ಬಂತು, ಒಪ್ಪಂದಗಳಾದವು, ವರ್ಷಗಳು ಕಳೆದವು. ಅಷ್ಟರಲ್ಲಿ ಕೆಲವರು ಸ್ವಂತ ಯಂತ್ರಕ್ಕೆ ಕೈಹಾಕಿದರು. ಉಳಿದವರು ಸೆಲ್ಲಿಟಾ ಎಂಬ ಕಾರ್ಖಾನೆಯನ್ನು ಆಶ್ರಯಿಸಿದರು. ಹಕ್ಕುಪತ್ರದ ಅವಧಿ ತೀರಿದ ಇಟಿಎ ಯಂತ್ರದ ಅಚ್ಚನ್ನೇ ಅನುಸರಿಸಿ ಸೆಲ್ಲಿಟಾ ತನ್ನದನ್ನು ಮಾಡುತ್ತದೆ. ಬಾವಿಗೆ ಬೀಗ ಬಿದ್ದಾಗ ತನ್ನ ಹಿತ್ತಿಲಲ್ಲಿ ತೋಡಿಕೊಂಡವನು, ಖರ್ಚನ್ನು ತುಂಬಿಕೊಳ್ಳಲು ತನ್ನ ನೀರಿಗೆ ಮಹಿಮೆ ಹೇಳಿಕೊಂಡ. ವ್ಯಾಪಾರಿಯ ದೃಷ್ಟಿಯಲ್ಲಿ ಅದು ತಪ್ಪಲ್ಲ. ಅದನ್ನು ತೀರ್ಥವೆಂದು ನಂಬಿದ ನಮ್ಮ ತಪ್ಪು ನಮ್ಮದು.

ಉಡುಪಿಯ ಜನಕ್ಕೆ ಇದನ್ನು ನಾನು ಹೇಳಿಕೊಡಬೇಕೆ? ಎರಡು ವರ್ಷಕ್ಕೊಮ್ಮೆ ಪರ್ಯಾಯ ಬರುತ್ತದೆ. ಊರೂರುಗಳಿಂದ ಅಕ್ಕಿ, ಬೆಲ್ಲ, ತೆಂಗಿನಕಾಯಿ, ತರಕಾರಿಗಳ ಹೊರೆಕಾಣಿಕೆ ಮೆರವಣಿಗೆಯಲ್ಲಿ ಬಂದು ಮಠದ ಉಗ್ರಾಣ ತುಂಬುತ್ತದೆ. ಹುಳಿಗೆ ಬೀಳುವ ಗುಳ್ಳ ಕಾಪು ತಾಲೂಕಿನ ಮಟ್ಟುವಿನದು. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿದ್ದ ಬೆಳೆ ಅದು. ಮಠದ ಗದ್ದೆಯಲ್ಲೇ ಬೆಳೆದದ್ದಲ್ಲವೆಂದು ಎಲೆಯ ಮುಂದಿನಿಂದ ಎದ್ದು ಹೋದವರನ್ನು ನಾನು ಕಂಡಿಲ್ಲ. ಬದಲಿಗೆ 'ಇದು ಮಟ್ಟುಗುಳ್ಳವೋ ಅಲ್ಲವೋ' ಎಂದು ಕೇಳುವವರನ್ನು ಪ್ರತಿ ಪಂಕ್ತಿಯಲ್ಲೂ ಕಂಡಿದ್ದೇನೆ. ಎಂದರೆ ಬೆಳೆದವನು ಬಲ್ಲವನಾಗಿರಬೇಕು, ಅಡಿಗೆಯವನು ಬಲ್ಲವನಾಗಿರಬೇಕು. ಇಬ್ಬರೂ ಒಬ್ಬರೇ ಆಗಿರಬೇಕೆಂಬ ಹಟ ನಮ್ಮಲ್ಲಿಲ್ಲ.

ನಮ್ಮ ಹುಡುಗ ಸುಮ್ಮನಿರುವವನಲ್ಲ. ಬೆಂಗಳೂರಿಗೆ ಹಿಂದಿರುಗಿದ ಮೇಲೆ ಫೋನಿನಲ್ಲಿ ಎರಡು ವಾದಗಳನ್ನು ಹೂಡಿದ. ಮೊದಲನೆಯದು, ಸ್ವಂತ ಯಂತ್ರಗಳು ಗುಣದಲ್ಲಿ ಮೇಲು, ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ನಡೆಯುತ್ತಿರುತ್ತವೆ, ಎಪ್ಪತ್ತು ಗಂಟೆಯ ಕೀಲಿ ಇರುತ್ತದೆ ಎಂಬುದು. ಇದು ಕೆಲವದರ ಮಟ್ಟಿಗೆ ಸತ್ಯವೇ. ಕೆಲವು ಹಳೆಯ ಇಟಿಎ ಯಂತ್ರಗಳಿಗೆ ನಲವತ್ತು ಗಂಟೆಯ ಕೀಲಿಯೂ ಇರಲಿಲ್ಲ. ಆದರೆ ಅದೇ ಇಟಿಎಯ ಎಂಬತ್ತು ಗಂಟೆಯ ಯಂತ್ರ ಇವನು ಕೊಡುವ ಬೆಲೆಯ ನಾಲ್ಕನೆಯ ಒಂದು ಪಾಲಿಗೂ ಕಡಿಮೆಯ ಟಿಸೋದಲ್ಲಿ ಬರುತ್ತದೆ. ಗುಣ ಬೇಕಾದರೆ ಗುಣವನ್ನೇ ಕೇಳು, ಮಾರಾಯ. ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ, ಇದಕ್ಕಿಂತ ಹೆಚ್ಚು ತಪ್ಪಬಾರದೆಂದು ಸ್ವಿಸ್ ಕ್ರೊನೋಮೀಟರ್ ಪರೀಕ್ಷೆಯ ನಿಯಮ. ಅದರಲ್ಲಿ ಪಾಸಾಗುವುದಕ್ಕೆ ಯಾರ ಮನೆಯಲ್ಲಿ ಹುಟ್ಟಿದೆಯೆಂಬ ಪ್ರಮಾಣಪತ್ರ ಕೇಳುವುದಿಲ್ಲ.

ಎರಡನೆಯ ವಾದ ಮಾತ್ರ ನನ್ನನ್ನು ಒಂದು ಗಳಿಗೆ ತಡೆದು ನಿಲ್ಲಿಸಿತು. "ಹಾಗಾದರೆ ಅಜ್ಜನ ಎಚ್.ಎಂ.ಟಿ. ಎಂತದು ಮಾವ? ಅದೂ ಇನ್-ಹೌಸೇ ಅಲ್ವಾ? ಅದರ ಬಗ್ಗೆ ನೀವು ಅಷ್ಟು ಅಭಿಮಾನಪಡ್ತೀರಿ."

ಹೌದು, ಅಭಿಮಾನಪಡುತ್ತೇನೆ. ಕಾಪುವಿನ ಶಾಲೆಯೊಂದರಲ್ಲಿ ಮಾಸ್ಟ್ರಾಗಿದ್ದ ನನ್ನ ತಂದೆಯವರು ೧೯೭೪ರಲ್ಲಿ ಕೊಂಡ 'ಜನತಾ' ಇಂದಿಗೂ ನನ್ನ ಬಳಿ ಉಂಟು. ಬೆಳಗಿನ ಆಕಾಶವಾಣಿಯ ವಾರ್ತೆಗೆ ಗಂಟೆ ಸರಿಮಾಡಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಕಿರೀಟವನ್ನು ತಿರುಗಿಸಿ, ಕೀಲಿ ತುಂಬಿತೆಂದು ಬೆರಳಿಗೆ ತಿಳಿದೊಡನೆ ನಿಲ್ಲಿಸುತ್ತಿದ್ದರು. ಆ ಗಡಿಯಾರದ ಚರಿತ್ರೆ ನಮ್ಮ ರಾಜ್ಯದ ಚರಿತ್ರೆಯೂ ಹೌದು. ಬೆಂಗಳೂರಿನಲ್ಲಿ ೧೯೫೩ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾದಾಗ ಯಂತ್ರೋಪಕರಣದ ವಿದ್ಯೆ ಬಂದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯಿಂದ. ಗಡಿಯಾರದ ಕಾರ್ಖಾನೆ ೧೯೬೧ರಲ್ಲಿ ಆದಾಗ ವಿದ್ಯೆ ಜಪಾನಿನ ಸಿಟಿಜನ್ ಕಂಪೆನಿಯದು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳಾದವು. ಜನತಾದ ಮುಖದ ಮೇಲೆ ಈಗಲೂ 'ಪ್ಯಾರಾಶಾಕ್' ಎಂದು ಬರೆದಿದೆ. ಅದು ಸಿಟಿಜನ್ ಮನೆಯ ಮಾತು, ಕೆಳಗೆ ಬಿದ್ದರೆ ಪೆಟ್ಟು ತಾಳುವ ಏರ್ಪಾಟಿನ ಹೆಸರು. ಕಲಿಸಿದ ಗುರುವಿನ ಹೆಸರನ್ನು ಎಚ್.ಎಂ.ಟಿ. ಅಳಿಸಲಿಲ್ಲ.

ಆದ್ದರಿಂದ ನನ್ನ ಜಗಳ 'ಸ್ವಂತವಾಗಿ ಮಾಡುವುದ'ರ ಮೇಲೆ ಅಲ್ಲವೆಂದು ವಾಚಕರು ದಯವಿಟ್ಟು ಗಮನಿಸಬೇಕು. ಏನೂ ಇಲ್ಲದಿದ್ದ ದೇಶವೊಂದು ತನ್ನ ಗಡಿಯಾರವನ್ನು ತಾನೇ ಮಾಡಿಕೊಂಡದ್ದು ದೊಡ್ಡ ಮಾತು. ಆದರೆ ಆ ಮನೆಗೆ ಬಾಗಿಲುಗಳಿದ್ದವು, ಅವು ತೆರೆದಿದ್ದವು. ಜನತಾದ ಬಿಡಿಭಾಗ ಯಾವ ಪೇಟೆಯಲ್ಲೂ ಸಿಕ್ಕುತ್ತಿತ್ತು. ಬಿಚ್ಚಲು ಬರುವ ಹುಡುಗ ಪ್ರತಿಯೊಂದು ಬಸ್ ನಿಲ್ದಾಣದ ಬದಿಯಲ್ಲೂ ಒಂದು ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತಿರುತ್ತಿದ್ದ. ಕೇಂದ್ರ ಸಂಪುಟವು ೨೦೧೬ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಮನೆಯೇ ಬಿದ್ದುಹೋಯಿತು, ಆದರೂ ನನ್ನ ತಂದೆಯ ಜನತಾ ನಡೆಯುತ್ತಿದೆ. ಇದನ್ನು ನಡೆಸುತ್ತಿರುವವರು ಯಾರು?

ರಥಬೀದಿಗೆ ಸೇರುವ ಒಂದು ಓಣಿಯಲ್ಲಿ, ಮೂರಡಿ ಅಗಲದ ಅಂಗಡಿಯಲ್ಲಿ ಒಬ್ಬರು ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅವರು ಬಗ್ಗಿದರೆ ಎದುರು ನಿಂತವನು ಶ್ವಾಸವನ್ನೂ ಬಿಗಿಹಿಡಿಯಬೇಕು. ಮಣಿಪಾಲದ ನನ್ನ ಸ್ನೇಹಿತರೊಬ್ಬರು ಐದು ವರ್ಷದ ಕೆಳಗೆ ದುಬಾರಿ ಬೆಲೆಯ, ಶುದ್ಧ ಇನ್-ಹೌಸ್ ಗಡಿಯಾರವನ್ನು ಕೊಂಡಿದ್ದರು. ಒಂದು ಆಷಾಢದಲ್ಲಿ ಅದು ನಿಂತುಹೋಯಿತು. ನಾನೇ ಅವರನ್ನು ಆ ಓಣಿಗೆ ಕರೆದುಕೊಂಡು ಹೋದೆ. ಹಿರಿಯರು ಹಿಂದಿನ ಮುಚ್ಚಳ ತೆಗೆದು, ಬಹಳ ಹೊತ್ತು, ನಿಧಿ ನೋಡಿದವರಂತೆ ನೋಡಿದರು. ಮತ್ತೆ ಮುಚ್ಚಳ ಹಾಕಿದರು.

"ಚಂದ ಉಂಟು ಮಾಸ್ಟ್ರೇ. ಒಂದು ಚಕ್ರದ ಹಲ್ಲು ಹೋಗಿದೆ, ಅಷ್ಟೆ. ಆದ್ರೆ ಇದ್ರ ಪಾರ್ಟು ಅವ್ರು ಹೊರಗೆ ಯಾರಿಗೂ ಕೊಡುದಿಲ್ಲ. ಬೇರೆ ಎಲ್ಲರಿಗೂ ಮಾರುವ ಮಿಷಿನು ಆಗಿದ್ರೆ ಬೊಂಬಾಯಿಂದ ತರಿಸಿ ಹಾಕ್ತಿದ್ದೆ. ಇದನ್ನು ಬಿಚ್ಚಿ ನಾನು ಎಂತ ಮಾಡುದು?"

ಗಡಿಯಾರ ಕಂಪೆನಿಗೆ ಹೋಯಿತು. ಏಳು ತಿಂಗಳ ಮೇಲೆ ಹಿಂದಿರುಗಿತು. ತೆತ್ತ ಹಣ ಅರವತ್ತು ಸಾವಿರದ ಮೇಲೆ. ನನ್ನ ಸ್ನೇಹಿತರು ಅನುಕೂಲಸ್ಥರು, ಹಣದ ಮಾತು ಬಿಡೋಣ. ನನಗೆ ಮರೆಯಲಾಗದ್ದು ಮುಚ್ಚಳ ಹಾಕಿದ ಆ ಕೈ. ಐವತ್ತು ವರ್ಷ ಪಳಗಿದ ಕೈ, ನಡುಕ ಇನ್ನೂ ಬಂದಿಲ್ಲ, ಕೆಲಸವೂ ಗೊತ್ತಿದೆ, ಆದರೆ ಮುಟ್ಟುವಂತಿಲ್ಲ. ಅವರ ಮಗ ಪಕ್ಕದ ಬೀದಿಯಲ್ಲಿ ಮೊಬೈಲು ಮಾರುತ್ತಾನೆ. ಕಸುಬು ಅವರಲ್ಲಿಗೇ ಮುಗಿಯುತ್ತದೆ.

ಆ ಕೈಯನ್ನು ನೋಡಿದಾಗ ನನಗೆ ಕಲ್ಕುಡ ನೆನಪಾದ. ಕಾರ್ಕಳದ ನಲವತ್ತೆರಡು ಅಡಿಯ ಗೊಮ್ಮಟನನ್ನು ವೀರಪಾಂಡ್ಯನು ನಿಲ್ಲಿಸಿದ್ದು ೧೪೩೨ರಲ್ಲಿ, ಇದು ಶಾಸನದ ಮಾತು. ತುಳು ಪಾಡ್ದನದ ಮಾತು ಬೇರೆಯೇ ಉಂಟು. ಶಿಲ್ಪಿ ಬೀರ ಕಲ್ಕುಡನು ಮೂರ್ತಿಯನ್ನು ಮುಗಿಸಿದಾಗ, ಇಂಥದು ಇನ್ನೊಬ್ಬರ ರಾಜ್ಯದಲ್ಲಿ ಆಗಕೂಡದೆಂದು ಭೈರರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಅರಸನಿಗೆ ಬೇಕಾಗಿದ್ದದ್ದು ಬರಿಯ ಗೊಮ್ಮಟನಲ್ಲ. ತನ್ನ ಮನೆಯಲ್ಲಿ ಮಾತ್ರ ಇರುವ ಗೊಮ್ಮಟ. ಕಲ್ಕುಡ ಸೋಲಲಿಲ್ಲ. ಉಳಿದ ಒಂದು ಕೈ ಒಂದು ಕಾಲಿನಲ್ಲಿ ವೇಣೂರಿಗೆ ಹೋಗಿ ಅಲ್ಲಿನ ಗೊಮ್ಮಟನನ್ನು ಕಡೆದನೆಂದು ಪಾಡ್ದನ ಹಾಡುತ್ತದೆ. ವೇಣೂರಿನ ಮೂರ್ತಿ ೧೬೦೪ರದು, ನಡುವೆ ನೂರೆಪ್ಪತ್ತೆರಡು ವರ್ಷ. ಇತಿಹಾಸದ ಅಧ್ಯಾಪಕರು ನಗುತ್ತಾರೆ. ನಗಲಿ. ಪಾಡ್ದನ ಕಟ್ಟಿದ ಜನಕ್ಕೆ ತಾರೀಖಿಗಿಂತ ದೊಡ್ಡದೊಂದು ಲೆಕ್ಕ ಗೊತ್ತಿತ್ತು: ಅರಸನು ದೈವವಾಗಲಿಲ್ಲ, ಕೈ ಕಳೆದುಕೊಂಡವನು ಆದ. ಅವನಿಗೂ ಅವನ ತಂಗಿ ಕಲ್ಲುರ್ಟಿಗೂ ತುಳುನಾಡಿನಲ್ಲಿ ಇಂದಿಗೂ ಕೋಲ ನಡೆಯುತ್ತದೆ.

ಬಿಡಿಭಾಗಕ್ಕೆ ಬೀಗ ಹಾಕಿಕೊಂಡ ಕಂಪೆನಿಯನ್ನು ಭೈರರಸನಿಗೆ ಹೋಲಿಸಿದ್ದು ಅತಿಯಾಯಿತೆಂದು ಕೆಲವರಿಗೆ ಅನಿಸಬಹುದು. ಕತ್ತಿಗೂ ಕರಾರುಪತ್ರಕ್ಕೂ ವ್ಯತ್ಯಾಸವಿದೆ, ಒಪ್ಪಿದೆ. ಫಲವು ಆ ಓಣಿಯ ಹಿರಿಯರಿಗೆ ಒಂದೇ ಎಂದು ನಾನು ಅನ್ನುತ್ತೇನೆ.

ಕಾರ್ಕಳದ ಕಡೆಯವನೇ ಆದ ಇನ್ನೊಬ್ಬನ ಹೆಸರು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಮಾಸ್ಟ್ರಾಗಿದ್ದವನು, ೧೯೦೧ರಲ್ಲಿ ಮೂವತ್ತೊಂದನೆಯ ವಯಸ್ಸಿಗೇ ತೀರಿಕೊಂಡ ನಮ್ಮ ಮುದ್ದಣ. 'ಶ್ರೀರಾಮಾಶ್ವಮೇಧ'ವನ್ನು ಒಂದಕ್ಷರ ಬಿಡದೆ ತಾನೇ ಬರೆದು, ಯಾವನೋ ಹಳೆಯ ಕವಿಯ ಕೃತಿ ಸಿಕ್ಕಿತೆಂದು ಮೈಸೂರಿಗೆ ಕಳುಹಿಸಿಕೊಟ್ಟ. ಬೇರೆಯವರ ಯಂತ್ರದ ಮೇಲೆ ತಮ್ಮ ಹೆಸರು ಕೊರೆಯುವವರು ಒಂದು ಕಡೆ; ತನ್ನ ಯಂತ್ರದ ಮೇಲೆ ಬೇರೆಯವರ ಹೆಸರು ಕೊರೆದವನು ಒಂದು ಕಡೆ. ಹಳಬನ ಕೃತಿಯೆಂದು ನಂಬಿ ಓದಿದವರಿಗೂ ಮುದ್ದಣ ಮನೋರಮೆಯರ ಸಲ್ಲಾಪ ರುಚಿಸಿತು. ಮುದ್ದಣನದೆಂದು ತಿಳಿದು ಓದುವ ನನ್ನ ವಿದ್ಯಾರ್ಥಿಗಳಿಗೂ ರುಚಿಸುತ್ತದೆ. ಗುಟ್ಟು ಹೊರಬಿದ್ದ ದಿನ ಆ ಗ್ರಂಥದಲ್ಲಿ ಒಂದು ವಾಕ್ಯವೂ ಹೆಚ್ಚಲಿಲ್ಲ, ಒಂದೂ ಕಡಿಮೆಯಾಗಲಿಲ್ಲ.

ನಮ್ಮ ಹುಡುಗನಿಗೆ ಹೋದ ವಾರ ಒಂದು ಕಾಗದ ಬರೆದೆ. ಈಗ ಕಾಗದ ಬರೆಯುವವರು ಇಲ್ಲವೆಂದು ಅವನು ನಗುತ್ತಾನೆ, ಆದರೆ ಓದುತ್ತಾನೆ. ಅಂಗಡಿಗೆ ಹೋದಾಗ ಗೋತ್ರ ಕೇಳಬೇಡ, ಇಷ್ಟು ಕೇಳು ಎಂದು ಬರೆದಿದ್ದೇನೆ: ಹತ್ತು ವರ್ಷದ ಮೇಲೆ ಇದರ ಚಕ್ರ ಸವೆದರೆ ಯಾರ ಬಳಿ ಸಿಕ್ಕುತ್ತದೆ? ನೀವಲ್ಲದೆ ಬೇರೆ ಯಾರಾದರೂ ಇದನ್ನು ಬಿಚ್ಚಬಹುದೆ? ಒಂದು ಸರ್ವಿಸಿಗೆ ಎಷ್ಟು, ಎಷ್ಟು ದಿನ, ಯಾವ ಊರಿನಲ್ಲಿ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪದೆ ಬರೆಸಿಕೊ. ಈ ಪ್ರಶ್ನೆಗಳಿಗೆಲ್ಲ ಇನ್-ಹೌಸ್ ಗಡಿಯಾರವೇ ಒಳ್ಳೆಯ ಉತ್ತರ ಕೊಟ್ಟರೆ ಅದನ್ನೇ ತೆಗೆದುಕೊ, ನನ್ನ ಅಡ್ಡಿಯಿಲ್ಲ. ಎರಡೂ ಸಮನಾಗಿ ನಿಂತರೆ ಯಾವುದು ಕಣ್ಣಿಗೆ ಚಂದವೋ ಅದು. ಹುಡುಗಿಯ ವಿಷಯದಲ್ಲಿ ನೀನು ಮಾಡಿದ್ದೂ ಅದನ್ನೇ ಅಲ್ಲವೆ?

ಉತ್ತರವಾಗಿ ಫೋನು ಬಂತು. ಅಂಗಡಿಯವನು ಮೊದಲ ಪ್ರಶ್ನೆಗೇ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದನಂತೆ. ಮ್ಯಾನೇಜರು ಕಾಫಿ ಕೊಡಿಸಿ, ವಿಚಾರಿಸಿ ತಿಳಿಸುತ್ತೇನೆಂದರಂತೆ. ಮದುವೆಗೆ ಇನ್ನೂ ಒಂದು ತಿಂಗಳಿದೆ. ಅಷ್ಟರೊಳಗೆ ಉತ್ತರ ಬಾರದಿದ್ದರೆ ಧಾರೆಯ ಹೊತ್ತಿಗೆ ಅಜ್ಜನ ಜನತಾವನ್ನೇ ಕಟ್ಟಿಕೊಳ್ಳುತ್ತೇನೆ, ಒಮ್ಮೆ ಎಣ್ಣೆ ಹಾಕಿಸಿಡಿ ಮಾವ ಎಂದ. ನಿನ್ನೆ ಅದನ್ನು ಓಣಿಯ ಹಿರಿಯರ ಕೈಗೆ ಕೊಟ್ಟು ಬಂದಿದ್ದೇನೆ. ಗುರುವಾರ ಬನ್ನಿ ಎಂದಿದ್ದಾರೆ.